ಹತ್ತೇ ಕಂತಿನ ‘ಫ್ಲಾಪ್ ಶೋ’, ಅದನ್ನು ಕೊಟ್ಟು ಹೋದ ಜಸ್ಪಾಲ್ ಭಟ್ಟಿ

1989ರ ಹೊತ್ತಿಗೆ ನಮ್ಮಲ್ಲಿ ಟಿವಿ ಅಂದ್ರೆ ದೂರದರ್ಶನ, ದೂರದರ್ಶನ ಅಂದ್ರೆ ಟಿವಿ. ಎಷ್ಟೋ ಮನೆಗಳಲ್ಲಿ ರಿಮೋಟ್ ಇರಲಿಲ್ಲ. ಇದ್ದರೂ ಬದಲಾಯಿಸೋಕೆ ಇನ್ನೊಂದು ಚಾನೆಲ್ ಇರಲಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲೇ ಶುರುವಾಗಿತ್ತು, ನಿಜ. ಆದರೆ ರಾತ್ರಿ ದೆಹಲಿಯ ರಾಷ್ಟ್ರೀಯ ಪ್ರಸಾರ ಬಂತು ಅಂದ್ರೆ ಕನ್ನಡ ಎದ್ದು ಹೋಗಿ ಹಿಂದಿ ಬಂದು ಕೂರುತ್ತಿತ್ತು. ಹಿಂದಿ ಬರುವವರೂ ನೋಡುತ್ತಿದ್ದರು, ಬಾರದವರೂ ನೋಡುತ್ತಿದ್ದರು. ಟಿವಿ ಇಲ್ಲದವರು ಇದ್ದವರ ಮನೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದರು.

ಭಾನುವಾರ ಬೆಳಗ್ಗೆ ‘ಮಹಾಭಾರತ’ ನಡೀತಿದ್ದ ಆ ವರ್ಷದಲ್ಲೇ ಪೇಟ ಕಟ್ಟಿದ, ಗಡ್ಡದ, ಮುಖದಲ್ಲಿ ನಗುವಿನ ಸುಳಿವೇ ಇಲ್ಲದ ಒಬ್ಬ ಮನುಷ್ಯ ತೆರೆಯ ಮೇಲೆ ಬಂದ. ತನ್ನ ಕಾರ್ಯಕ್ರಮಕ್ಕೆ ತಾನೇ ‘ಫ್ಲಾಪ್ ಶೋ’ ಅಂತ ಹೆಸರಿಟ್ಟುಕೊಂಡಿದ್ದ. ಹತ್ತು ಕಂತು ಬಂತು. ಆಮೇಲೆ ನಿಂತೇ ಹೋಯಿತು. ಆದರೆ ಆ ಹತ್ತು ಕಂತು ನೋಡಿದವರನ್ನು ಇವತ್ತಿಗೂ ಕೇಳಿ ನೋಡಿ. ನೂರಾರು ಕಂತು ಎಳೆದ ಧಾರಾವಾಹಿಗಳ ಕತೆ ಮರೆತಿರುತ್ತಾರೆ, ಸುಳ್ಳು ಮೆಡಿಕಲ್ ಬಿಲ್ಲಿನ ಕತೆ ಮರೆತಿರುವುದಿಲ್ಲ.

ಆ ಮನುಷ್ಯನ ಹೆಸರು ಜಸ್ಪಾಲ್ ಭಟ್ಟಿ. ತೀರಿಕೊಂಡಿದ್ದು 2012ರಲ್ಲಿ. ಹೊಸ ತಲೆಮಾರಿಗೆ ಅವರು ‘ಫನಾ’ ಸಿನಿಮಾದ ಒಂದು ಸಣ್ಣ ಪಾತ್ರವಾಗಿಯೋ, ಮೊಬೈಲಿನಲ್ಲಿ ಓಡಾಡುವ ಹಳೇ ವಿಡಿಯೋ ತುಣುಕಾಗಿಯೋ ಗೊತ್ತಿರಬಹುದು. ಹಾಗಾಗಿ ಅವರ ಕತೆಯನ್ನು ಇನ್ನೊಮ್ಮೆ ಹೇಳಬೇಕು.

ನಾನ್‌ಸೆನ್ಸ್ ಕ್ಲಬ್ಬಿನ ಇಂಜಿನಿಯರ್

ಭಟ್ಟಿ ಹುಟ್ಟಿದ್ದು 1955ರ ಮಾರ್ಚ್ 3ರಂದು ಅಮೃತಸರದಲ್ಲಿ. ಓದಿದ್ದು ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಎಲೆಕ್ಟ್ರಿಕಲ್ ವಿಭಾಗದಲ್ಲಿ. ಗಗನಯಾತ್ರಿ ಕಲ್ಪನಾ ಚಾವ್ಲಾ ಓದಿದ ಕಾಲೇಜೂ ಇದೇ. ಅಲ್ಲಿಂದ ಒಬ್ಬರು ಆಕಾಶಕ್ಕೆ ಹೋದರೆ ಇನ್ನೊಬ್ಬರು ಬೀದಿಗೆ ಬಂದರು.

ಹೌದು, ಬೀದಿಗೇ. ಕಾಲೇಜಿನ ದಿನಗಳಲ್ಲಿ ಗೆಳೆಯರನ್ನು ಕಟ್ಟಿಕೊಂಡು ಭಟ್ಟಿ ‘ನಾನ್‌ಸೆನ್ಸ್ ಕ್ಲಬ್’ ಅನ್ನೋ ತಂಡ ಮಾಡಿದ್ದರು. ಈ ತಂಡ ಬೀದಿ ನಾಟಕ ಆಡುತ್ತಿತ್ತು. ಬೀದಿ ನಾಟಕ ಅಂದ ಕೂಡಲೇ ನಮಗೆ ನೆನಪಾಗೋದು ಘೋಷಣೆ, ಡೋಲು, ಹೋರಾಟದ ಹಾಡು. ನಮ್ಮ ಸಮುದಾಯ ತಂಡದ ಜಾಥಾಗಳನ್ನು ನೋಡಿದವರಿಗೆ ಆ ಬಿಸಿ ಗೊತ್ತು. ಭಟ್ಟಿ ಹಿಡಿದಿದ್ದು ಬೇರೆ ದಾರಿ. ಭ್ರಷ್ಟರನ್ನು ಬಯ್ಯುವ ಬದಲು ಹೊಗಳುವುದು. ಅನ್ಯಾಯದ ವಿರುದ್ಧ ಮೆರವಣಿಗೆ ಮಾಡುವ ಬದಲು ಅನ್ಯಾಯಕ್ಕೆ ಸನ್ಮಾನ ಮಾಡುವುದು. ಕಡೆಯ ತನಕ ಅವರು ಇದೇ ದಾರಿಯಲ್ಲಿ ನಡೆದರು.

ಟಿವಿಗೆ ಬರುವ ಮುಂಚೆ ಚಂಡೀಗಢದ ‘ದಿ ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು. ಈ ಅನುಭವ ಅವರ ಟಿವಿ ಕೆಲಸದಲ್ಲಿ ಎದ್ದು ಕಾಣುತ್ತೆ. ವ್ಯಂಗ್ಯಚಿತ್ರಕಾರನಿಗೆ ಸಿಗೋದು ಅಂಗೈ ಅಗಲದ ಜಾಗ. ಅಷ್ಟರಲ್ಲೇ ಜನ, ಜಾಗ, ಜಗಳ, ನಗು ಎಲ್ಲಾ ಬರಬೇಕು. ‘ಉಲ್ಟಾ ಪುಲ್ಟಾ’ ಹಾಗೇ ಇತ್ತು.

ಬೆಳಗಿನ ಕಾಫಿ ಜೊತೆಗೆ ಉಲ್ಟಾ ಪುಲ್ಟಾ

1980ರ ದಶಕದ ಕೊನೆಗೆ ದೂರದರ್ಶನ ಬೆಳಗಿನ ಪ್ರಸಾರವನ್ನೂ ಶುರು ಮಾಡಿತ್ತು. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಟಿವಿ ನೋಡುವ ಅಭ್ಯಾಸ ಜನಕ್ಕೆ ಇನ್ನೂ ಹೊಸದು. ಆ ಹೊತ್ತಿನಲ್ಲಿ ಬರುತ್ತಿದ್ದ ಕೆಲವೇ ನಿಮಿಷದ ತುಣುಕು ‘ಉಲ್ಟಾ ಪುಲ್ಟಾ’. ಖರ್ಚು ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಸೆಟ್ ಇಲ್ಲ, ಸ್ಟಾರ್ ಇಲ್ಲ. ಭಟ್ಟಿ ಮತ್ತು ಅವರ ಚಂಡೀಗಢದ ಗೆಳೆಯರು. ವಿಷಯ ನಮ್ಮ ನಿಮ್ಮ ಮನೆಯದ್ದೇ. ಶುರುವಾಗೋದರೊಳಗೆ ಮುಗಿದೂ ಹೋಗುತ್ತಿತ್ತು. ಮುಗಿದ ಮೇಲೆ ಜನ ಬಸ್ ಸ್ಟಾಪಿನಲ್ಲಿ ಅದನ್ನೇ ಮಾತಾಡಿಕೊಳ್ಳುತ್ತಿದ್ದರು.

ಆ ಕಾಲದ ದೂರದರ್ಶನದಲ್ಲಿ ನಗುವಿಗೆ ಬರ ಏನೂ ಇರಲಿಲ್ಲ ಅನ್ನೋದನ್ನೂ ಹೇಳಬೇಕು. 1984ರಲ್ಲೇ ‘ಯೇ ಜೋ ಹೈ ಜಿಂದಗಿ’ ಬಂದಿತ್ತು. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನ ಜಗತ್ತನ್ನು ಆಧರಿಸಿ ಕುಂದನ್ ಷಾ ನಿರ್ದೇಶಿಸಿದ ‘ವಾಗ್ಲೆ ಕಿ ದುನಿಯಾ’ 1988ರಲ್ಲಿ ಬಂತು. ಲಕ್ಷ್ಮಣ್ ಅಣ್ಣ ಆರ್.ಕೆ. ನಾರಾಯಣ್ ಕತೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಆಗಿ ಆಗುಂಬೆಯಿಂದ ಇಡೀ ದೇಶಕ್ಕೆ ತಲುಪಿಸಿ ಆಗಿತ್ತು. ಓಂ ಪುರಿ ಪುಡಾರಿ ಪಾತ್ರ ಮಾಡಿದ ‘ಕಕ್ಕಾಜಿ ಕಹಿನ್’ ಕೂಡ ಬಂದಿತ್ತು. ಇಷ್ಟೆಲ್ಲಾ ಇದ್ದ ಊಟದ ಎಲೆಯಲ್ಲಿ ಭಟ್ಟಿ ಬಡಿಸಿದ್ದು ಉಪ್ಪಿನಕಾಯಿ. ಕೊಂಚವೇ, ಆದರೆ ನಾಲಗೆಯಲ್ಲಿ ನಿಲ್ಲುವಂಥದ್ದು.

ಹತ್ತೇ ಕಂತು

‘ಉಲ್ಟಾ ಪುಲ್ಟಾ’ ಕೊಟ್ಟ ಹೆಸರಿನ ಮೇಲೆ ‘ಫ್ಲಾಪ್ ಶೋ’ ಬಂತು. ನಿರ್ಮಾಪಕಿ ಭಟ್ಟಿಯವರ ಹೆಂಡತಿ ಸವಿತಾ ಭಟ್ಟಿ. ಕಂತು ಕಂತಿಗೂ ಭಟ್ಟಿಯ ಪಾತ್ರ ಬದಲಾಗುತ್ತಿತ್ತು. ಆ ಪಾತ್ರದ ಹೆಂಡತಿಯಾಗಿ ಬರುತ್ತಿದ್ದವರು ಮಾತ್ರ ಸವಿತಾ ಅವರೇ. ವಿವೇಕ್ ಶೌಕ್, ಬಿ.ಎನ್. ಶರ್ಮಾ ಥರದ ನಟರು ಈ ಶೋ ಮೂಲಕ ದೇಶಕ್ಕೆ ಪರಿಚಯವಾದರು. ಮುಂಬೈನ ಯಾವ ಹಂಗೂ ಇಲ್ಲದೆ, ಚಂಡೀಗಢದಲ್ಲೇ ಕೂತು, ಅಲ್ಲಿನ ಜನರನ್ನೇ ಇಟ್ಟುಕೊಂಡು ಮಾಡಿದ ಕೆಲಸ ಇದು.

ಟೈಟಲ್ ಕಾರ್ಡಿನಿಂದಲೇ ತಮಾಷೆ ಶುರು. ನಿರ್ದೇಶನ ಅಂತ ಬರಬೇಕಾದ ಜಾಗದಲ್ಲಿ ದಾರಿ ತಪ್ಪಿಸಿದವರು ಅನ್ನುವ ಅರ್ಥದ ಪದ ಹಾಕಿ ಅದರ ಮುಂದೆ ಭಟ್ಟಿ ತಮ್ಮ ಹೆಸರು ಬರೆದುಕೊಂಡಿದ್ದರು. ಆಮೇಲೆ ಅರ್ಪಣೆ. ಅವತ್ತಿನ ಕಂತು ಯಾರನ್ನು ಗೇಲಿ ಮಾಡಲಿದೆಯೋ ಅವರಿಗೇ ಭಯಭಕ್ತಿಯಿಂದ ಸಮರ್ಪಣೆ! ಕಡೆಗೆ ಜನಪ್ರಿಯ ಹಿಂದಿ ಸಿನಿಮಾ ಹಾಡಿನ ಧಾಟಿಗೆ ಅವತ್ತಿನ ವಿಷಯದ ಅಣಕು ಹಾಡು. ಹಿಂದಿ ಸರಿಯಾಗಿ ಬಾರದ ನಮ್ಮಂಥ ಊರುಗಳಲ್ಲೂ ಈ ಶೋ ಓಡಿದ್ದಕ್ಕೆ ಈ ಹಾಡುಗಳೂ ಒಂದು ಕಾರಣ. ರೇಡಿಯೋ ಪುಣ್ಯದಿಂದ ಧಾಟಿ ಎಲ್ಲರಿಗೂ ಗೊತ್ತಿತ್ತು.

ವಿಷಯಗಳನ್ನು ನೋಡಿ. ಸರ್ಕಾರಿ ನೌಕರರು ಸುಳ್ಳು ಮೆಡಿಕಲ್ ಬಿಲ್ ಕೊಟ್ಟು ದುಡ್ಡು ಎತ್ತುವುದು ಒಂದು ಕಂತು. ಪಿಎಚ್‌ಡಿ ವಿದ್ಯಾರ್ಥಿಯನ್ನು ಮನೆಕೆಲಸಕ್ಕೆ ಹಚ್ಚುವ ಪ್ರೊಫೆಸರ್ ಇನ್ನೊಂದು ಕಂತು. ಸಿಮೆಂಟಿನಲ್ಲಿ ಕಾಸು ನುಂಗುವ ಕಂಟ್ರಾಕ್ಟರ್, ಮೀಟಿಂಗ್ ಮೇಲೆ ಮೀಟಿಂಗ್ ಮಾಡಿ ಏನನ್ನೂ ತೀರ್ಮಾನ ಮಾಡದ ಆಫೀಸು, ಮುಖ್ಯ ಅತಿಥಿ ಆಗೋಕೆ ಹಾತೊರೆಯುವ ದೊಡ್ಡ ಮನುಷ್ಯ, ಕೆಟ್ಟು ಕೂತ ಟೆಲಿಫೋನು, ಹೋಗುವ ಹೆಸರೇ ಎತ್ತದ ನೆಂಟರು. ಕಡೆಗೆ ಟಿವಿ ಧಾರಾವಾಹಿ ಮಾಡೋರ ಅವಾಂತರದ ಮೇಲೂ ಒಂದು ಕಂತು. ಅಂದ್ರೆ ತಾವು ಕೂತಿದ್ದ ಕೊಂಬೆಯನ್ನೂ ಬಿಡಲಿಲ್ಲ.

ಟೆಲಿಫೋನಿನ ವಿಷಯ ಇವತ್ತಿನ ಹುಡುಗರಿಗೆ ಅರ್ಥ ಆಗೋದು ಕಷ್ಟ. ಆಗ ದೇಶದಲ್ಲಿ ನೂರು ಜನಕ್ಕೆ ಒಂದು ಫೋನ್ ಕೂಡ ಇರಲಿಲ್ಲ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಫೋನು ಸತ್ತರೆ ಲೈನ್‌ಮನ್ ದೇವರಿಗೆ ಸಮಾನ. ಮನೆಯಲ್ಲಿ ಫೋನು ಇದ್ದವರಿಗೂ ಇಲ್ಲದವರಿಗೂ ಆ ಕಂತು ನೋಡಿ ನಗು ಬಂದಿದ್ದು ಒಂದೇ ಕಾರಣಕ್ಕೆ. ಆಫೀಸಿನ ಮುಂದೆ ಕೈಕಟ್ಟಿ ನಿಂತ ಅನುಭವ ಎಲ್ಲರದ್ದೂ ಆಗಿತ್ತು.

ಪಿಎಚ್‌ಡಿ ಕಂತು ಮಾತ್ರ ಹಳೆಯದಾಗಿಲ್ಲ. ನಮ್ಮ ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳನ್ನು ಕೇಳಿದರೆ, ಗೈಡ್ ಮನೆಗೆ ತರಕಾರಿ ತಂದುಕೊಟ್ಟ ಕತೆ ಈಗಲೂ ಸಿಗುತ್ತೆ.

ಕಳ್ಳ ಯಾರು?

‘ಫ್ಲಾಪ್ ಶೋ’ ಬೇರೆಯವುಗಳಿಗಿಂತ ಭಿನ್ನವಾಗಿದ್ದಿದ್ದು ಎಲ್ಲಿ? 1985ರಲ್ಲಿ ಬಂದ ‘ರಜನಿ’ ನೆನಪಿಸಿಕೊಳ್ಳಿ. ಪ್ರಿಯಾ ತೆಂಡೂಲ್ಕರ್ ಮಾಡಿದ ಆ ಗೃಹಿಣಿ ಅನ್ಯಾಯ ಕಂಡಲ್ಲಿ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದಳು. ಗ್ಯಾಸ್ ಏಜೆನ್ಸಿಯವನಿಂದ ಹಿಡಿದು ಎಲ್ಲರಿಗೂ ಬಿಸಿ ಮುಟ್ಟಿಸುತ್ತಿದ್ದಳು. ವಾಗ್ಲೆ ಪಾಪ, ಎಲ್ಲಾ ಕಡೆ ಪೆಟ್ಟು ತಿನ್ನುವ ಗುಮಾಸ್ತ. ರಜನಿಯನ್ನು ನೋಡಿದಾಗ ನಮ್ಮ ಪರವಾಗಿ ಯಾರೋ ಜಗಳ ಆಡಿದರು ಅನ್ನೋ ಸಮಾಧಾನ. ವಾಗ್ಲೆಯನ್ನು ನೋಡಿದಾಗ ನಮ್ಮ ಹಾಗೇ ಇನ್ನೊಬ್ಬ ಇದಾನೆ ಅನ್ನೋ ಸಮಾಧಾನ. ಎರಡರಲ್ಲೂ ನೋಡುವವನು ಒಳ್ಳೆಯವನು, ತಪ್ಪು ಮಾಡೋನು ಇನ್ಯಾರೋ.

ಭಟ್ಟಿ ಆ ಸಮಾಧಾನ ಕೊಡಲಿಲ್ಲ. ಅವರ ಶೋನಲ್ಲಿ ಬಹಳ ಸಲ ಆ ಕಳ್ಳ ಭಟ್ಟಿಯೇ. ವಿದ್ಯಾರ್ಥಿಯ ರಕ್ತ ಹೀರುವ ಪ್ರೊಫೆಸರ್ ಅವರೇ. ಮತ್ತು ಆ ಪಾತ್ರ ಎಲ್ಲೂ ರಾಕ್ಷಸ ಅಲ್ಲ. ಹೆಂಡತಿಗೆ ಹೆದರುವ, ನೆಂಟರನ್ನು ಸಂಭಾಳಿಸುವ, ಮೆತ್ತಗೆ ಮಾತಾಡುವ ಸಾಧಾರಣ ಮನುಷ್ಯ. ತಾನು ಮಾಡ್ತಿರೋದು ತಪ್ಪು ಅಂತ ಅವನಿಗೆ ಅನ್ನಿಸುವುದೇ ಇಲ್ಲ. ಎಲ್ಲರೂ ಮಾಡ್ತಾರೆ, ನಾನೂ ಮಾಡ್ತೀನಿ, ಅಷ್ಟೇ ಅವನ ಲೆಕ್ಕ.

ಅದು ಬೋಫೋರ್ಸ್ ಹಗರಣದ ಕಾಲ. ಭ್ರಷ್ಟಾಚಾರ ಅಂದ್ರೆ ದೆಹಲಿಯಲ್ಲಿ, ಫಿರಂಗಿ ಖರೀದಿಯಲ್ಲಿ, ಕೋಟಿಗಟ್ಟಲೆ ಲೆಕ್ಕದಲ್ಲಿ ನಡೆಯೋದು ಅಂತ ಜನ ಮಾತಾಡಿಕೊಳ್ಳುತ್ತಿದ್ದಾಗ ಭಟ್ಟಿ ಒಂದು ಮೆಡಿಕಲ್ ಬಿಲ್ ಹಿಡಿದು ನಮ್ಮ ಮನೆಯೊಳಗೇ ಬಂದರು. ಸರ್ಕಾರಿ ನೌಕರಿಯಲ್ಲಿದ್ದ ಎಷ್ಟೋ ಅಪ್ಪಂದಿರು ಆ ಕಂತು ನೋಡಿ ಜೋರಾಗಿ ನಕ್ಕಿರಬೇಕು, ನಕ್ಕು ಮುಗಿದ ಮೇಲೆ ಸ್ವಲ್ಪ ಸುಮ್ಮನಾಗಿರಬೇಕು.

ಪೇಟ ಕಟ್ಟಿದವನ ನಗು

ಇನ್ನೊಂದು ಸಂಗತಿಯನ್ನು ದಕ್ಷಿಣದಲ್ಲಿ ಕೂತ ನಾವು ಅಷ್ಟಾಗಿ ಗಮನಿಸಲಿಲ್ಲ. ‘ಫ್ಲಾಪ್ ಶೋ’ ಬಂದಿದ್ದು 1989ರಲ್ಲಿ. ಅದಕ್ಕಿಂತ ಐದು ವರ್ಷ ಹಿಂದೆ, 1984ರ ಜೂನ್‌ನಲ್ಲಿ, ಭಟ್ಟಿ ಹುಟ್ಟಿದ ಅಮೃತಸರದ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತ್ತು. ಅದೇ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆ. ಬೆನ್ನಿಗೇ ದೆಹಲಿಯಲ್ಲಿ ಸಾವಿರಾರು ಸಿಖ್ಖರ ಕೊಲೆ. 1987ರಿಂದ ಪಂಜಾಬ್ ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ಬಸ್ಸಿನಿಂದ ಇಳಿಸಿ ಗುಂಡು ಹೊಡೆಯುವ ಸುದ್ದಿ, ಎನ್‌ಕೌಂಟರ್ ಸುದ್ದಿ ದಿನಾ ಬರುತ್ತಿತ್ತು. ದೇಶದ ಬೇರೆ ಕಡೆಯ ಜನಕ್ಕೆ ಸಿಖ್ ಅಂದ್ರೆ ಒಂದೋ ಸುದ್ದಿಯಲ್ಲಿ ಕಾಣುವ ಬಂದೂಕು, ಇಲ್ಲಾ ಸರ್ದಾರ್ಜಿ ಜೋಕಿನ ದಡ್ಡ.

ಅಂಥ ಹೊತ್ತಿನಲ್ಲಿ ಭಟ್ಟಿ ಮನೆ ಮನೆಗೆ ಬಂದರು. ಪೇಟ ತೆಗೆಯಲಿಲ್ಲ, ಪೇಟವನ್ನೇ ಜೋಕೂ ಮಾಡಲಿಲ್ಲ. ಅವರ ಪಾತ್ರಗಳು ಗುಮಾಸ್ತ, ಪ್ರೊಫೆಸರ್, ಗಂಡ, ಆಫೀಸರ್. ಧರ್ಮದ ಬಗ್ಗೆ ಭಾಷಣವೂ ಇಲ್ಲ, ಐಕ್ಯತೆಯ ಸಂದೇಶವೂ ಇಲ್ಲ. ನಮ್ಮ ಶಿವಮೊಗ್ಗದ ಗುಮಾಸ್ತನಿಗೂ ಚಂಡೀಗಢದ ಗುಮಾಸ್ತನಿಗೂ ಕಳ್ಳಬುದ್ಧಿಯಲ್ಲಿ ಏನೂ ವ್ಯತ್ಯಾಸ ಇಲ್ಲ ಅಂತ ತೋರಿಸಿದರು. ರಾಷ್ಟ್ರೀಯ ಭಾವೈಕ್ಯದ ಹೆಸರಿನಲ್ಲಿ ದೂರದರ್ಶನ ಎಷ್ಟೋ ಹಾಡು, ಚಿತ್ರ ಮಾಡಿತು. ಅವೆಲ್ಲಾ ಸೇರಿ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸವನ್ನು ಈ ಹತ್ತು ಕಂತು ಮಾಡಿತು ಅಂದ್ರೆ ತಪ್ಪಾಗಲಾರದು.

ನಿಂತ ಮೇಲೆ

ಹತ್ತಕ್ಕೆ ಶೋ ನಿಂತಿತು. ಆಗಿನ ಧಾರಾವಾಹಿಗಳಿಗೆ ಸಾಮಾನ್ಯವಾಗಿ ಸಿಗುತ್ತಿದ್ದ 13 ಕಂತಿನ ಲೆಕ್ಕಕ್ಕೂ ಮೂರು ಕಡಿಮೆ. ಇನ್ನೂ ಬೇಕಿತ್ತು ಅನ್ನಿಸಿದಾಗಲೇ ಎಲೆ ಎತ್ತಿದ ಹಾಗೆ.

ಮುಂದೆ ‘ಫುಲ್ ಟೆನ್ಷನ್’ ಮಾಡಿದರು. ಕೇಬಲ್ ಬಂದ ಮೇಲೆ ಖಾಸಗಿ ಚಾನೆಲ್‌ಗಳಲ್ಲೂ ಕೆಲಸ ಮಾಡಿದರು. ಸಬ್ ಟಿವಿಗೆ ‘ಥ್ಯಾಂಕ್ ಯೂ ಜೀಜಾಜಿ’ ಮಾಡಿದ್ದು ಹಾಗೆ. 1999ರಲ್ಲಿ ಪಂಜಾಬ್ ಪೊಲೀಸರನ್ನು ಗೇಲಿ ಮಾಡುವ ‘ಮಾಹೌಲ್ ಠೀಕ್ ಹೈ’ ಎಂಬ ಪಂಜಾಬಿ ಸಿನಿಮಾ ನಿರ್ದೇಶಿಸಿದರು. ಉಗ್ರವಾದ ಮತ್ತು ಪೊಲೀಸ್ ದಬ್ಬಾಳಿಕೆ ಎರಡರ ನಡುವೆ ಸಿಕ್ಕಿ ನಲುಗಿದ್ದ ನಾಡಿನಲ್ಲಿ ಪೊಲೀಸರ ಬಗ್ಗೆ ನಗೋದು ಅಷ್ಟು ಸಲೀಸಲ್ಲ. ‘ಆ ಅಬ್ ಲೌಟ್ ಚಲೇಂ’, ‘ಫನಾ’ ಥರದ ಹಿಂದಿ ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. 2008ರಲ್ಲಿ ಹೆಂಡತಿ ಜೊತೆ ‘ನಚ್ ಬಲಿಯೇ’ ಶೋನಲ್ಲಿ ಕುಣಿದರು ಕೂಡ!

ಹಿಂದಿ ಸಿನಿಮಾ ಅವರನ್ನು ಸರಿಯಾಗಿ ಬಳಸಿಕೊಳ್ಳಲಿಲ್ಲ. ತಾವೇ ಬರೆದ, ತಮ್ಮದೇ ಊರಿನ ಸಾಮಗ್ರಿ ಇದ್ದಾಗ ಭಟ್ಟಿ ಭಟ್ಟಿ. ಬೇರೆಯವರ ಸಿನಿಮಾದಲ್ಲಿ ಅವರು ಬರೀ ನಗಿಸುವ ಸರ್ದಾರ್ಜಿ. ‘ಫ್ಲಾಪ್ ಶೋ’ದಲ್ಲಿ ಅವರು ಒಡೆದಿದ್ದ ಅಚ್ಚಿಗೇ ಸಿನಿಮಾ ಅವರನ್ನು ಮತ್ತೆ ಹೊಯ್ಯಿತು.

ಅವರಿಗೆ ನಿಜವಾದ ರಂಗ ಬೀದಿಯೇ ಆಗಿತ್ತು. ‘ಹವಾಲಾ ಪಾರ್ಟಿ’, ‘ಸೂಟ್‌ಕೇಸ್ ಪಾರ್ಟಿ’, ‘ರಿಸೆಷನ್ ಪಾರ್ಟಿ’ ಅಂತ ಕಾಲಕ್ಕೆ ತಕ್ಕ ಅಣಕು ಪಕ್ಷಗಳನ್ನು ಕಟ್ಟಿದರು. 2009ರಲ್ಲಿ ಬೆಲೆ ಏರಿಕೆ ಜೋರಾಗಿದ್ದಾಗ ಚಂಡೀಗಢದ ಒಂದು ಮೇಳದಲ್ಲಿ ಸ್ಟಾಲ್ ಹಾಕಿದರು. ಜಾತ್ರೆಯಲ್ಲಿ ಬಳೆ ಎಸೆಯೋ ಆಟ ಇರುತ್ತಲ್ಲ, ಅದೇ. ಬಹುಮಾನದ ಜಾಗದಲ್ಲಿ ಇಟ್ಟಿದ್ದು ಮಾತ್ರ ತರಕಾರಿ, ಬೇಳೆ, ಅಡುಗೆ ಎಣ್ಣೆ. ರಿಂಗ್ ಬಿದ್ದರೆ ಬೇಳೆ ನಿಮ್ಮದು. ನೂರು ಭಾಷಣ ಹೇಳಲಾಗದ್ದನ್ನು ಒಂದು ರಿಂಗ್ ಹೇಳಿತು.

ಚಂಡೀಗಢದಲ್ಲಿ ‘ಮ್ಯಾಡ್ ಆರ್ಟ್ಸ್’ ಎಂಬ ಸಿನಿಮಾ ಶಾಲೆಯನ್ನೂ ನಡೆಸಿದರು. ಹೆಣ್ಣು ಭ್ರೂಣ ಹತ್ಯೆ ಬಗ್ಗೆ ಆ ಶಾಲೆ ಮಾಡಿದ ಅನಿಮೇಷನ್ ಚಿತ್ರಕ್ಕೆ ಬಹುಮಾನ ಬಂದಿತ್ತು.

ಪವರ್ ಕಟ್

ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ ಭಟ್ಟಿ ಕೊನೆಗೆ ಮಾಡಿದ ಸಿನಿಮಾದ ಹೆಸರು ‘ಪವರ್ ಕಟ್’. ಪಂಜಾಬಿನಲ್ಲಿ ಪದೇ ಪದೇ ಕರೆಂಟ್ ಹೋಗುವುದೇ ಅದರ ವಸ್ತು. ನಾಯಕ ಅವರ ಮಗ ಜಸ್‌ರಾಜ್. ಬಿಡುಗಡೆ 2012ರ ಅಕ್ಟೋಬರ್ 26ಕ್ಕೆ ಅಂತ ನಿಗದಿಯಾಗಿತ್ತು. ಪ್ರಚಾರಕ್ಕಾಗಿ ಊರೂರು ಸುತ್ತುತ್ತಿದ್ದರು.

ಅಕ್ಟೋಬರ್ 25ರ ನಸುಕಿನಲ್ಲಿ ಜಲಂಧರ್ ಜಿಲ್ಲೆಯ ಶಾಹಕೋಟ್ ಬಳಿ ಅವರ ಕಾರು ಅಪಘಾತಕ್ಕೆ ಸಿಕ್ಕಿತು. ಜೊತೆಯಲ್ಲಿದ್ದ ಮಗ ಮತ್ತು ಚಿತ್ರದ ನಾಯಕಿಗೆ ಗಾಯಗಳಾದವು. ಭಟ್ಟಿ ಉಳಿಯಲಿಲ್ಲ. ವಯಸ್ಸು 57. ಮಾರನೇ ದಿನ ಸಿನಿಮಾ ಬಿಡುಗಡೆಯಾಯಿತು. 2013ರಲ್ಲಿ ಕೇಂದ್ರ ಸರ್ಕಾರ ಮರಣೋತ್ತರವಾಗಿ ಪದ್ಮಭೂಷಣ ಕೊಟ್ಟಿತು. ಬದುಕಿಡೀ ಸನ್ಮಾನ, ಮುಖ್ಯ ಅತಿಥಿ, ಹಾರ ತುರಾಯಿಗಳನ್ನು ಗೇಲಿ ಮಾಡಿದ ಮನುಷ್ಯ ಆ ದಿನ ಇದ್ದಿದ್ದರೆ ಅದರ ಮೇಲೂ ಒಂದು ಕಂತು ಮಾಡುತ್ತಿದ್ದರೋ ಏನೋ.

ಇವತ್ತು ಭಟ್ಟಿ ಇದ್ದಿದ್ದರೆ?

ಹಳೆಯದನ್ನೆಲ್ಲಾ ಚಿನ್ನ ಅನ್ನೋದು ಸುಲಭ. 1989ರ ದೂರದರ್ಶನ ಸ್ವರ್ಗ ಆಗಿರಲಿಲ್ಲ. ಸುದ್ದಿ ವಿಷಯದಲ್ಲಿ ಅದು ಪೂರಾ ಸರ್ಕಾರದ ತುತ್ತೂರಿ. ಜನ ಅದನ್ನು ರಾಜೀವ್ ದರ್ಶನ ಅಂತ ಆಡಿಕೊಳ್ಳುತ್ತಿದ್ದರು. ಭಟ್ಟಿ ಕೂಡ ಗುಮಾಸ್ತ, ಕಂಟ್ರಾಕ್ಟರ್‌ಗಳನ್ನು ಗೇಲಿ ಮಾಡಿದರೇ ಹೊರತು ಪ್ರಧಾನಿಯನ್ನಲ್ಲ. ಅವರ ಹೆಂಡತಿ ಜೋಕುಗಳು ಈಗ ನೋಡಿದರೆ ಸವಕಲು ಅನ್ನಿಸುತ್ತವೆ. ನಿರ್ಮಾಣದ ಹೊಣೆ ಹೊತ್ತ ಸವಿತಾ, ತೆರೆಯ ಮೇಲೆ ಮಾತ್ರ ಗಂಡನನ್ನು ಕಾಡುವ ಹೆಂಡತಿಯಾಗಿಯೇ ಉಳಿದರು.

ಇಷ್ಟಾದರೂ ಒಂದು ಮಾತು ನಿಲ್ಲುತ್ತೆ. ಸರ್ಕಾರಿ ನೌಕರರ ಕಳ್ಳತನವನ್ನು ಸರ್ಕಾರದ್ದೇ ಟಿವಿಯಲ್ಲಿ, ಇಡೀ ದೇಶದ ಮುಂದೆ ಒಬ್ಬ ಮನುಷ್ಯ ತೋರಿಸಿದ. ಇವತ್ತು ನಮ್ಮ ಹತ್ತಿರ ನೂರಾರು ಚಾನೆಲ್ ಇದೆ, ಕೈಯಲ್ಲೇ ಟಿವಿ ಇದೆ. ಆದರೆ 2021ರ ಜನವರಿಯಲ್ಲಿ ಇಂದೋರ್‌ನಲ್ಲಿ ಮುನವ್ವರ್ ಫಾರೂಕಿ ಎಂಬ ಹಾಸ್ಯಗಾರ ಬಂಧನಕ್ಕೊಳಗಾಗಿ ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿ ಇರಬೇಕಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲೇ ಪೊಲೀಸರು ಬೇಡ ಅಂದಿದ್ದರಿಂದ ಅವರ ಕಾರ್ಯಕ್ರಮ ರದ್ದಾಯಿತು. 2025ರ ಮಾರ್ಚ್‌ನಲ್ಲಿ ಕುನಾಲ್ ಕಾಮ್ರಾ ಹಾಡಿದ ಒಂದು ಅಣಕು ಹಾಡಿಗಾಗಿ ಮುಂಬೈನಲ್ಲಿ ಆ ಜಾಗವನ್ನೇ ಒಡೆದು ಹಾಕಿದರು. ಅಣಕು ಹಾಡು! ಭಟ್ಟಿ ವಾರ ವಾರ ಮಾಡುತ್ತಿದ್ದದ್ದು ಅದೇ.

ತೊಂದರೆ ಬರೀ ಸರ್ಕಾರದ್ದಲ್ಲ. ನಮ್ಮದೂ ಹೌದು. ನಮ್ಮ ಜಾತಿ, ನಮ್ಮ ಪಕ್ಷ, ನಮ್ಮ ನಾಯಕ, ನಮ್ಮ ವೃತ್ತಿ ಅಂತ ಪ್ರತಿಯೊಬ್ಬರೂ ಬೇಲಿ ಹಾಕಿಕೊಂಡು ಕೂತಿದ್ದೇವೆ. ಬೇರೆಯವರ ಬಗ್ಗೆ ಜೋಕ್ ಬಂದರೆ ಫಾರ್ವರ್ಡ್, ನಮ್ಮ ಬಗ್ಗೆ ಬಂದರೆ ದೂರು. ಭಟ್ಟಿ ಮೊದಲು ಗೇಲಿ ಮಾಡಿಕೊಂಡಿದ್ದು ತಮ್ಮನ್ನೇ, ತಮ್ಮ ಶೋ ಹೆಸರಿನಿಂದಲೇ. ಅದಾದ ಮೇಲೆ ಇನ್ನೊಬ್ಬರನ್ನು ಗೇಲಿ ಮಾಡೋ ಹಕ್ಕು ಅವರಿಗೆ ತಾನಾಗೇ ಬಂತು. ನಮಗೆ ಆ ಮೊದಲ ಹೆಜ್ಜೆಯೇ ಕಷ್ಟವಾಗಿದೆ.

‘ಫ್ಲಾಪ್ ಶೋ’ ಕಂತುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಚಿತ್ರ ಮಸುಕು, ದನಿ ಗೊರಗೊರ. ಒಂದು ರಾತ್ರಿ ಮನೆಮಂದಿ ಎಲ್ಲಾ ಕೂತು ಆ ಮೆಡಿಕಲ್ ಬಿಲ್ಲಿನ ಕಂತು ನೋಡಿ. ಮೂವತ್ತೈದು ವರ್ಷದ ಹಿಂದಿನ ಸೋಫಾ, ಹಳೇ ಸ್ಕೂಟರು, ಡಯಲ್ ತಿರುಗಿಸೋ ಫೋನು ನೋಡಿ ಮಕ್ಕಳು ನಗ್ತಾರೆ. ಕತೆ ಮುಂದೆ ಹೋದಂತೆ, ಇದು ಈಗಲೂ ಹೀಗೇನಾ ಅಂತ ಅವರು ಕೇಳಬಹುದು. ಅದಕ್ಕೆ ಉತ್ತರ ಕೊಡಬೇಕಾದವರು ನಾವು.